ಚುಕ್ಕೆ ಇಲ್ಲದ ಚುಕ್ಕೆ ಹಕ್ಕಿ

ಹಕ್ಕಿಯ ಹೆಸರು ಬರೆಯುವುದೇನು ಮಹಾ ವಿದ್ಯೆ ಎಂದೇ ನಾನು ನಂಬಿದ್ದೆ. ಹೆಂಡತಿ ಸುಧಾ ಆರು ತಿಂಗಳು ಮಾಧವರಂ ಕೆರೆಯ ಜೊಂಡಿನ ಪಕ್ಕ ಕೂತು, ಸೊಳ್ಳೆಗಳಿಗೆ ಧಾರಾಳವಾಗಿ ರಕ್ತದಾನ ಮಾಡಿ, ಪುಟ್ಟ ಹಕ್ಕಿಗಳ ಫೋಟೊ ತೆಗೆದಿದ್ದಳು. ಈ ತಮಿಳರ ಊರಿನ ಕನ್ನಡ ಸಂಘದವರು ಅದರಲ್ಲಿ ಮೂರನ್ನು ಯುಗಾದಿಯ ಪ್ರದರ್ಶನಕ್ಕೆ ಆರಿಸಿದರು. ಅವಳ ಮೊದಲ ಪ್ರದರ್ಶನ! ಆಫೀಸಿನವರನ್ನೆಲ್ಲ ಕರೆದಿದ್ದಳು. ಪ್ರತಿ ಫೋಟೊ ಕೆಳಗೆ ಕನ್ನಡದ ಹೆಸರಿರಬೇಕಂತೆ. ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ.

ಮೂರೂ ಬೆರಳುದ್ದದ ಹಕ್ಕಿಗಳು, ಮೂರಕ್ಕೂ ಗಿಡ್ಡ ದಪ್ಪ ಕೊಕ್ಕು. ಪುಸ್ತಕ ತೆರೆದರೆ ಅಂಥವೇ ಪುಟದ ತುಂಬ ಸಾಲಾಗಿ ಕೂತಿದ್ದವು. ಇವುಗಳ ಕುಲದ ಹೆಸರು ರಾಟವಾಳ ಎಂಬಲ್ಲಿಗೆ ಹೇಗೋ ತಲುಪಿದೆ. ಯಾವ ರಾಟವಾಳ? ಒಂದರ ಹೊಟ್ಟೆ ನೋಡುವಷ್ಟರಲ್ಲಿ ಇನ್ನೊಂದರ ಬಾಲ ಮರೆತುಹೋಗುತ್ತಿತ್ತು.

ಪಕ್ಕದ ಮನೆಯ ಮುರುಗೇಶನ್ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಆ ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಫೋಟೊ ಹಿಡಿದು ಅವರ ಬಳಿ ಹೋದೆ. ನನಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಎಂಟು ವರ್ಷದಿಂದ ತರಕಾರಿ ಕೊಳ್ಳುತ್ತಿರುವುದು ಆ ಭಾಷೆಯಲ್ಲೇ. ಅವರ ಬಾಯಿ ತುಂಬ ಎಲೆಯಡಿಕೆ. ಮೊದಲ ಫೋಟೊ ನೋಡಿ, "ಪುಳ್ಳಿ ಇಲ್ಲೈ" ಅಂದರು.

ಅಂದರೆ, ಚುಕ್ಕೆ ಇಲ್ಲ. ನಾನು ನೋಡಿದೆ. ಎದೆಯ ತುಂಬ ಚುಕ್ಕೆ!

ಎರಡನೆಯದಕ್ಕೆ, "ಕರುಂದಲೈ ಇಲ್ಲೈ." ಕಪ್ಪು ತಲೆ ಅಲ್ಲವಂತೆ. ಆ ತಲೆಯೋ, ಟಾರಿನಲ್ಲಿ ಅದ್ದಿ ತೆಗೆದಂತಿತ್ತು. ಮೂರನೆಯದರ ಬೆನ್ನು ಸುಣ್ಣ ಬಳಿದಷ್ಟು ಬಿಳಿ. ಅದಕ್ಕೂ ಬಿಳಿ ಬೆನ್ನು ಇಲ್ಲೈ ಎಂಬ ಅರ್ಥದ ತೀರ್ಪೇ ಬಂತು. ಮನೆಗೆ ಬಂದು ಕನ್ನಡಕ ತೊಳೆದೆ. ಕಣ್ಣೂ ತೊಳೆದೆ. ಚುಕ್ಕೆ ಹೋಗಲಿಲ್ಲ. ಬಲ್ಲವರ ಮಾತಿನ ಮುಂದೆ ನನ್ನ ಕಣ್ಣು ಯಾವ ಲೆಕ್ಕ ಎಂದುಕೊಂಡು ಚೀಟಿ ಬರೆದೇಬಿಟ್ಟೆ. ಸುಧಾಗೆ ತೋರಿಸದೆ, ಪ್ರದರ್ಶನದ ದಿನ ಬಾಗಿಲು ತೆರೆಯುವ ಹೊತ್ತಿಗೆ ನಾನೇ ಅಂಟಿಸಿದೆ: ಚುಕ್ಕೆ ಇಲ್ಲದ ರಾಟವಾಳ. ಕಪ್ಪು ತಲೆಯಲ್ಲದ ರಾಟವಾಳ. ಬಿಳಿ ಬೆನ್ನಿಲ್ಲದ ರಾಟವಾಳ.

ಮೊದಲು ಬಂದವರು ಪೆರಂಬೂರಿನಲ್ಲಿ ಹೋಟೆಲಿಟ್ಟಿರುವ ಉಡುಪಿ ಕಡೆಯ ಭಟ್ಟರು. ಚೀಟಿ ಓದಿದರು, ಫೋಟೊ ನೋಡಿದರು, ಮತ್ತೆ ಚೀಟಿ ಓದಿದರು.

"ಚುಕ್ಕೆ ಉಂಟಲ್ಲ ಮಾರಾಯ್ರೆ?"

ಅದು ನೋಡುವವರ ಭ್ರಮೆ, ತಜ್ಞರ ಅಭಿಪ್ರಾಯ ಪಡೆಯಲಾಗಿದೆ ಎಂದು ಗಂಭೀರವಾಗಿ ತಿಳಿಸಿದೆ. ಭಟ್ಟರು ಪಾಪ, ಕಣ್ಣುಜ್ಜಿಕೊಂಡರು. ಅಷ್ಟರಲ್ಲಿ ಸುಧಾಳ ಆಫೀಸಿನವರು ಬಂದು, ಭಟ್ಟರಿಂದ ಚೀಟಿಯ ಅರ್ಥ ಕೇಳಿ ಮುಸಿಮುಸಿ ನಗತೊಡಗಿದರು. ರೇಷ್ಮೆ ಸೀರೆಯುಟ್ಟು ನಿಂತಿದ್ದ ಅವಳು ಚೀಟಿ ಓದಿದಳು. ಅವಳ ಮುಖ ಕೆಂಪಾಯಿತು.

ಅಷ್ಟು ಹೊತ್ತಿಗೆ ಮುರುಗೇಶನ್ ಬಂದರು. ಸಭಾಂಗಣವೆಂದು ಎಲೆಯಡಿಕೆ ಉಗಿದು ಬಂದಿದ್ದರು. ಸುಧಾ ಕೇಳಿದ್ದಕ್ಕೆ ಸ್ಫುಟವಾಗಿ ಹೇಳಿದರು: "ಇದು ಪುಳ್ಳಿ ಸಿಲ್ಲೈಮ್ಮಾ. ಅದು ಕರುಂದಲೈ ಸಿಲ್ಲೈ. ಸಾರ್‌ಕಿಟ್ಟ ಅನ್ನಿಕ್ಕೇ ಸೊನ್ನೇನೇ."

ಸಾರ್‌ಗೆ ಅವತ್ತೇ ಹೇಳಿದ್ದರಂತೆ! ಸಿಲ್ಲೈ ಎಂದರೆ ತಮಿಳಿನಲ್ಲಿ ರಾಟವಾಳ. ಅದರ 'ಸ'ಕಾರವನ್ನು ಎಲೆಯಡಿಕೆ ನುಂಗಿತ್ತು; ಉಳಿದ 'ಇಲ್ಲೈ'ಯನ್ನು ನಾನು ನುಂಗಿದ್ದೆ.

ಸುಧಾ ಚೀಟಿಗಳನ್ನು ಕಿತ್ತು ಹೊಸದನ್ನು ಬರೆದಳು. ಹೆಸರು ಹೇಳಿದವರು ಮುರುಗೇಶನ್ ಎಂದೂ ಸೇರಿಸಿದಳು. ನನ್ನ ಹೆಸರೂ ಎಲ್ಲಾದರೂ ಒಂದು ಮೂಲೆಯಲ್ಲಿರಲಿ ಎಂದು ಗೋಗರೆದೆ.

"ಆಯ್ತು ಕಣ್ರೀ, ಹಾಕ್ತೀನಿ. ಈ ಮೂರರಲ್ಲಿ ಚುಕ್ಕೆ ಇರೋದು ಯಾವ್ದು, ತೋರ್ಸಿ ನೋಡೋಣ."

ಚುಕ್ಕೆ ಢಾಳಾಗಿ ಕಾಣುತ್ತಲೇ ಇತ್ತು. ಆದರೂ ನಾನು ಒಮ್ಮೆ ಮುರುಗೇಶನ್ ಅವರ ಮುಖ ನೋಡಿದೆ.