ಜಾಣಗೂಬೆಯ ಸಲಹೆ

ಬಾಗಿಲು ಬಡಿದ ಸದ್ದಾಯಿತು. ರಾತ್ರಿಯ ಊಟದ ತಟ್ಟೆ ತೊಳೆಯುತ್ತಿದ್ದ ಕರಡು ತಿದ್ದುವವನು ನಿಂತಲ್ಲೇ ಕಲ್ಲಾದ.

"ರೀ, ನಾನು! ತೆಗೀರಿ."

ಹೆಂಡತಿಯ ದನಿ! "ಇನ್ನೊಂದು ಸಲ ನನ್ನ ಮಾತಿಗಿಂತ ಆ ಮೊಬೈಲ್ ಗುಂಪಿನ ಮಾತು ಹೆಚ್ಚಾದ್ರೆ ನಾನು ತಿರುಗಿ ಬರಲ್ಲ" ಎಂದು ತವರಿಗೆ ಹೋಗಿದ್ದವಳು ತಾನಾಗಿ ಬಂದಿದ್ದಳು. ಚಿಲಕಕ್ಕೆ ಕೈಯಿಟ್ಟವನು ಅಭ್ಯಾಸಬಲದಿಂದ ಮೊಬೈಲಿನಲ್ಲಿ ಬಾಗಿಲ ಕ್ಯಾಮೆರಾ ನೋಡಿದ.

ಹೊರಗೆ ಯಾರೂ ಇರಲಿಲ್ಲ.

ಖಾಲಿ ಮೊಗಸಾಲೆ, ಖಾಲಿ ಮೆಟ್ಟಿಲು. ಆದರೆ ಬಾಗಿಲು ಬಡಿದ ಸದ್ದು ಮತ್ತೆ ಬಂತು.

ಅವನು ಬಡಾವಣೆಯ ಮೊಬೈಲ್ ಗುಂಪು 'ತಂತ್ರಜ್ಞಾನ ಬಳಗ'ಕ್ಕೆ ಬರೆದ. ಪರರ ಬರಹದ ಅಲ್ಪವಿರಾಮವನ್ನೂ ಅನುಮಾನಿಸುವ ಈತ, ಬಳಗದಲ್ಲಿ ಸಲಹೆ ಕೊಡುವ 'ಜಾಣಗೂಬೆ' ಎಂಬ ಅಡ್ಡಹೆಸರನ್ನು ಮಾತ್ರ ಎಂದೂ ಅನುಮಾನಿಸಿದವನಲ್ಲ. ಅದರ ಮುಖ ಕಂಡವರಿಲ್ಲ, ಮಾತು ಮೀರಿದವರಿಲ್ಲ. ಬೆಳಿಗ್ಗೆಯಷ್ಟೇ ಅದು ಹೇಳಿತೆಂದು ಕ್ಯಾಮೆರಾದಲ್ಲಿ 'ಡೇಟಾ ಉಳಿತಾಯ' ಒತ್ತಿದ್ದ.

ಜಾಣಗೂಬೆಯ ಉತ್ತರ ತಕ್ಷಣ ಬಂತು: "ತೆಗೀಬೇಡಪ್ಪಾ! ಕಳ್ಳರು ಈಗ ದನಿಯನ್ನೂ ನಕಲು ಮಾಡ್ತಾರೆ. ಹೆಂಡತಿಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳು."

"ನಮ್ಮ ಮದುವೇಲಿ ನಾನು ಯಾವ ಬಣ್ಣದ ಅಂಗಿ ಹಾಕಿದ್ದೆ?" ಎಂದು ಕೂಗಿದ.

"ಸೂಟ್‌ಕೇಸ್ ಹಿಡ್ಕೊಂಡು ಕೈ ಬಿದ್ದುಹೋಗ್ತಿದೆ, ನಿಮಗೆ ಅಂಗಿ ಬಣ್ಣ ಬೇಕಾ? 'ಅವನು ನಿನಗೆ ಬಾಗಿಲೂ ತೆಗೆಯಲ್ಲ' ಅಂತ ಅಮ್ಮ ಪಂದ್ಯ ಕಟ್ಟಿದ್ರು. ಅವರನ್ನೇ ಗೆಲ್ಲಿಸ್ತೀರಾ ಹೇಗೆ?"

'ಉತ್ತರ ತಪ್ಪಿಸುತ್ತಿದೆ' ಎಂದು ಬಳಗಕ್ಕೆ ವರದಿ ಹೋಯಿತು.

"ಯಂತ್ರಾನೇ! ದೀಪ ಆರಿಸು" ಎಂದಿತು ಜಾಣಗೂಬೆ.

ಆರಿಸಿದ. ಕತ್ತಲಲ್ಲಿ ಸೋಪಿನ ನೀರು ತುಳಿದು, ಪಾತ್ರೆಗಳ ಸಮೇತ, ಮಗುಚಿದ ಮೇಜಿನಂತೆ ಕೈಕಾಲು ಮೇಲೆತ್ತಿ ಬಿದ್ದ.

ಆ ಸದ್ದಿಗೆ ಎದುರುಮನೆಯ ದರ್ಜಿ ಅಳತೆಗೋಲು ಹಿಡಿದು ಓಡಿಬಂದ. "ಅಯ್ಯೋ, ನೀನಾ ತಂಗಿ? ಏ ಮಾರಾಯ, ನಿನ್ನ ಹೆಂಡ್ತಿ ಕಣೋ, ತೆಗಿ!"

ಬಾಗಿಲು ಬೆರಳಗಲ ತೆರೆಯಿತು. "ಕ್ಯಾಮೆರಾದಲ್ಲಿ ಯಾರೂ ಇಲ್ವಲ್ಲ!"

ಸಂದಿಯಿಂದ ಚಾಚಿದ ಮೊಬೈಲನ್ನು ದರ್ಜಿ ಕಣ್ಣು ಕಿರಿದು ಮಾಡಿ ನೋಡಿದ. "ಇದ್ರಲ್ಲಿ ಮೆಟ್ಟಿಲ ಮೇಲೆ ಬಿಸಿಲಿದೆ! ಬೆಳಗಿನ ಚಿತ್ರ ಅಲ್ಲಾಡದೆ ನಿಂತಿದೆ, ದಡ್ಡಾ."

ಡೇಟಾವೇನೋ ಉಳಿದಿತ್ತು.

"ಜಾಣಗೂಬೆ ಹೇಳಿತ್ತು..." ಎಂದು ಅವನು ತೊದಲಿದ. ಹೆಂಡತಿ ಮೊಬೈಲು ಕಿತ್ತುಕೊಂಡು ಆ ಹೆಸರಿನಡಿಯ ನಂಬರು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಸೂಟ್‌ಕೇಸ್ ಎತ್ತಿಕೊಂಡಳು.

"ಎಲ್ಲಿಗೇ?"

"ತವರಿಗೆ. ಪಂದ್ಯ ಸೋತೆನಲ್ಲ."

"ಹಾಗಾದ್ರೆ ಈ ಜಾಣಗೂಬೆ ಯಾರು?"

"ನಿಮ್ಮ ಅತ್ತೆ."