ಓಟದ ನಡುವಿನ ವಿಶ್ರಾಂತಿ

ಭಾನುವಾರ ಬೆಳಿಗ್ಗೆ ಬ್ಯಾಂಕಿನ ಕ್ಯಾಶಿಯರ್ ತೂಕದ ಯಂತ್ರ ಹತ್ತಿ, ಮುಳ್ಳು ನೋಡಿ, ಮೆಲ್ಲಗೆ ಒಂದು ಕಾಲು ಎತ್ತಿದರು. ಮುಳ್ಳು ಇಳಿಯಲಿಲ್ಲ. ಎರಡು ತಿಂಗಳು ಓಡಿ ಓಡಿ ಅವರು ಎರಡು ಕೆಜಿ ಏರಿದ್ದರು.

"ಇಳೀರಿ, ನಾನೂ ನೋಡ್ತೀನಿ," ಎಂದು ಹೆಂಡತಿ ತಮಾಷೆಗೆ ಹತ್ತಿದಳು. ಐದು ಕೆಜಿ ಇಳಿದಿದ್ದಳು.

ಅವಳು ಒಂದು ಹೆಜ್ಜೆಯೂ ಓಡಿದವಳಲ್ಲ. ಡಾಕ್ಟರು ಗಂಡನಿಗೆ ಸಿಹಿ ಬಿಡಿ ಎಂದ ದಿನ, "ನೀವೊಬ್ರೇ ಹೇಗೆ ಬಾಯಿ ಕಟ್ಟೋದು?" ಎಂದು ತಾನೂ ಬಿಟ್ಟಿದ್ದಳು. ಸಿಹಿ ಎಂದರೆ ಪ್ರಾಣ ಬಿಡುವ ಹೆಂಗಸು, ಅಂದಿನಿಂದ ಸಕ್ಕರೆಯಿಲ್ಲದ ಚಹಾ ಕುಡಿದು, ಬೇಯಿಸಿದ ಹುರುಳಿಕಾಯಿ ತಿಂದುಕೊಂಡಿದ್ದಳು. ಅವಳ ಕೈಗಡಿಯಾರ ಸಡಿಲವಾಗಿ ಮೊಣಕೈಯತ್ತ ಜಾರುವುದನ್ನು ಕಂಡು ಕ್ಯಾಶಿಯರ್ ನಾಚಿಕೆಯಿಂದ ತಲೆ ತಗ್ಗಿಸಿದರು.

"ಅದ್ಹೇಗ್ರೀ ನೀವು ಏರಿದ್ದು?" ಎಂದು ಅವಳು ಗಟ್ಟಿಯಾಗಿ ಕೇಳಿದ್ದೇ ತಪ್ಪಾಯಿತು. ಉತ್ತರ ಹೇಳಲು ಜನ ಕಾದಿದ್ದರು.

ಹೆಂಡತಿಯ ತಮ್ಮ ಜಿಮ್ಮಿನಲ್ಲಿ ಕಲಿಸುವವನು. ಒಂದು ನಿಮಿಷ ಜೀವ ಹೋಗುವಂತೆ ಓಡು, ಎರಡು ನಿಮಿಷ ಸುಧಾರಿಸಿಕೋ, ಮತ್ತೆ ಓಡು ಎಂಬ ಇಂಟರ್ವಲ್ ಪದ್ಧತಿ ಹಾಕಿಕೊಟ್ಟವನು ಅವನೇ. "ಭಾವ, ನಿಮ್ಮ ಓಟದಲ್ಲಿ ಜೋರು ಸಾಲ್ತಿಲ್ಲ," ಎಂದ.

ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕಾಂಪೌಂಡಿನಾಚೆಯಿಂದಲೇ ಮೂಗು ತೂರಿಸಿದರು. "ಜೋರೂ ಇಲ್ಲ, ಗೀರೂ ಇಲ್ಲ. ಒಂದೇ ಸಮನೆ ಮುಕ್ಕಾಲು ಗಂಟೆ ನಡೀಬೇಕು, ಕೊಬ್ಬು ಬೆಣ್ಣೆ ಹಾಗೆ ಕರಗುತ್ತೆ. ಇದೇನಿದು, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡೋದು, ದಾರಿ ತಪ್ಪಿದ ಹಾಗೆ ನಿಲ್ಲೋದು."

"ಸುಮ್ನೆ ನಡೆದ್ರೆ ಚಪ್ಪಲಿ ಸವೆಯುತ್ತೆ ಮೇಷ್ಟ್ರೇ, ಹೊಟ್ಟೆ ಅಲ್ಲ."

ಇಬ್ಬರೂ ಕ್ಯಾಶಿಯರ್ ಹೊಟ್ಟೆಯನ್ನು ಬೆರಳಿನಿಂದ ತೋರಿಸಿ ತೋರಿಸಿ ವಾದಿಸಿದರು. ಹೊಟ್ಟೆಯ ಯಜಮಾನರು ಬನಿಯನ್ ಕೆಳಗೆಳೆದುಕೊಂಡರು.

"ವಾದ ಯಾಕೆ, ಓಡಿ ತೋರಿಸ್ಲಿ. ತಪ್ಪೆಲ್ಲಿದೆ ಅಂತ ಕಣ್ಣಾರೆ ನೋಡೋಣ," ಎಂದರು ಮೇಷ್ಟ್ರು.

ಕ್ಯಾಶಿಯರ್ ಕಾಲು ನೋವು ಎಂದರು. ಯಾರೂ ನಂಬಲಿಲ್ಲ. ಕೊನೆಗೆ ಅವರು ಮುಂದೆ, ಹೆಂಡತಿ, ಭಾವಮೈದುನ, ಮೇಷ್ಟ್ರು ಹಿಂದೆ, ಮೆರವಣಿಗೆ ಹೊರಟಿತು. ಇವತ್ತು ಎಲ್ಲೂ ನಿಲ್ಲಬಾರದು ಎಂದು ಕ್ಯಾಶಿಯರ್ ಹಲ್ಲು ಕಚ್ಚಿ ಓಡಿದರು. ಆದರೆ ಬೀದಿಯ ಕೊನೆಯ ನರ್ಸಮ್ಮನ ಗೇಟು ಬಂದದ್ದೇ ತಡ, ಹಳೇ ಗಿರಾಕಿಯ ಹಾಗೆ ಕಾಲು ತಾನಾಗಿ ನಿಂತುಬಿಟ್ಟಿತು.

"ನೋಡಿದ್ರಾ? ದಿನಾ ಇದೇ ಜಾಗ," ಎಂದರು ಮೇಷ್ಟ್ರು ಏದುಸಿರು ಬಿಡುತ್ತ. "ನಮ್ಮ ಮಹಡಿಯಿಂದ ಇವರ ಬೆನ್ನು ಕಾಣುತ್ತೆ. ಸರಿಯಾಗಿ ನರ್ಸಮ್ಮ ನೈಟ್ ಡ್ಯೂಟಿ ಮುಗಿಸಿ ಬರೋ ಹೊತ್ತಿಗೇ ಇವರಿಗೆ ಸುಸ್ತಾಗುತ್ತೆ."

ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ಹೆಂಡತಿ ಗಂಡನ ಮುಖ ನೋಡಿದಳು.

ನಿಜ ಬೇರೆಯೇ ಇತ್ತು. ಆ ಗೇಟಿನ ಪಕ್ಕದ ಸಂದಿಯಲ್ಲಿ ಬೇಕರಿಯ ಹಿಂಬಾಗಿಲು. ಭಾವಮೈದುನ ಹೇಳಿದ ಎರಡು ನಿಮಿಷದ ವಿಶ್ರಾಂತಿಯಲ್ಲಿ ಎರಡು ಕ್ರೀಮ್ ಬನ್ನು ಆರಾಮಾಗಿ ಮುಗಿಯುತ್ತಿದ್ದವು. ಮನೆಗೆ ಬಂದು ಹೆಂಡತಿಯೆದುರು ಹುರುಳಿಕಾಯಿ ಅಗಿಯುವಾಗ ದಿನವೂ ಅವರಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ನಾಳೆಯಿಂದ ಖಂಡಿತ ಬಿಡುತ್ತೇನೆ ಎಂದುಕೊಳ್ಳುತ್ತಿದ್ದರು. ನಾಳೆ ಬೆಳಿಗ್ಗೆ ಬನ್ನು ಬಿಸಿಯಾಗಿರುತ್ತಿತ್ತು.

"ನಮ್ಮ ಭಾವ ಅಂಥೋರಲ್ಲ," ಎಂದ ಭಾವಮೈದುನ ರೋಷದಿಂದ. "ಬೇಕರಿಯವರು ಇಲ್ಲೇ ಇರ್ತಾರಲ್ಲ, ಅವರನ್ನೇ ಕೇಳೋಣ ಬನ್ನಿ, ಭಾವ ಇಲ್ಲಿ ನಿಂತು ಏನ್ಮಾಡ್ತಾರೆ ಅಂತ." ಸಂದಿಯತ್ತ ಹೊರಟೇಬಿಟ್ಟ.

ಕ್ಯಾಶಿಯರ್ ಓಡಿ ಅಡ್ಡ ನಿಂತರು. "ಬೇಡ. ಯಾರನ್ನೂ ಕೇಳೋದು ಬೇಡ. ಹೌದು, ನಾನು ನರ್ಸಮ್ಮನ್ನ ನೋಡೋಕೇ ನಿಲ್ತಿದ್ದೆ."

ಹೆಂಡತಿಯ ಕಣ್ಣು ತುಂಬಿತು. ಕ್ಯಾಶಿಯರ್‌ಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಈ ತಪ್ಪಿಗಾದರೆ ಬೈಸಿಕೊಂಡು, ಕಾಲು ಹಿಡಿದು, ಹೇಗೋ ಕ್ಷಮೆ ಕೇಳಬಹುದು. ಅವಳು ಎರಡು ತಿಂಗಳು ಕುಡಿದ ಆ ಸಪ್ಪೆ ಚಹಾಕ್ಕೆ ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳುವುದು?

"ಯಾರು, ನನ್ನನ್ನಾ?" ಹಿಂದಿನಿಂದ ದನಿ ಬಂತು. ಹೆಗಲಿಗೆ ಚೀಲ ಹಾಕಿಕೊಂಡು ನರ್ಸಮ್ಮ ನಿಂತಿದ್ದರು. ರಾತ್ರಿಯಿಡೀ ನಿದ್ದೆಗೆಟ್ಟ ಮುಖ.

"ಅಕ್ಕಾ, ನೀವು ಅಳಬೇಡಿ," ಎಂದರು ಹೆಂಡತಿಗೆ. "ಇವರಿಗೆ ದಿನಾ ಹೇಳ್ತೀನಿ, ಗೇಟು ಬಿಡಿ ಸಾರ್, ಒಳಗೆ ಹೋಗ್ಬೇಕು ಅಂತ. ಒಂದು ಸಲಾನೂ ತಲೆ ಎತ್ತಿ ನೋಡಿಲ್ಲ. ಎರಡು ಕೈಲೂ ಕ್ರೀಮ್ ಬನ್ನು ಇಟ್ಕೊಂಡೋರಿಗೆ ನಾನೆಲ್ಲಿ ಕಾಣ್ತೀನಿ? ನಿನ್ನೆ ಮೀಸೆಗೆಲ್ಲ ಕ್ರೀಮ್ ಮೆತ್ಕೊಂಡಿತ್ತು. ಒರೆಸ್ಕೊಂಡು ಮನೆಗೆ ಹೋಗಿ ಅಂತ ನಾನೇ ಹತ್ತಿ ಕೊಟ್ಟೆ."

"ನೋಡಿ ಮೇಷ್ಟ್ರೇ, ಇಂಟರ್ವಲ್‌ದು ಏನೂ ತಪ್ಪಿಲ್ಲ," ಎಂದ ಭಾವಮೈದುನ.

"ತಪ್ಪೆಲ್ಲಾ ಅದರದ್ದೇ ಕಣಯ್ಯಾ. ಒಂದೇ ಸಮನೆ ನಡೆದಿದ್ರೆ ಬೇಕರಿ ಹತ್ರ ನಿಲ್ಲೋಕಾಗ್ತಿತ್ತಾ?" ಎಂದರು ಮೇಷ್ಟ್ರು.

ಹೆಂಡತಿ ಕಣ್ಣೊರೆಸಿಕೊಂಡು ಮನೆಗೆ ನಡೆದಳು. ಕ್ಯಾಶಿಯರ್ ಹಿಂದೆ ಹಿಂದೆಯೇ ಹೋದರು. ಅವಳು ಚಹಾ ಕಾಸಿ, ಅಟ್ಟಕ್ಕೇರಿದ್ದ ಸಕ್ಕರೆ ಡಬ್ಬಿ ಇಳಿಸಿ, ತನ್ನ ಲೋಟಕ್ಕೆ ಒಂದಾದ ಮೇಲೊಂದು ಮೂರು ಚಮಚ ಸುರಿದುಕೊಂಡಳು. ಅವರ ಮುಂದೆ ತಟ್ಟೆ ಇಟ್ಟಳು. ಅದರಲ್ಲಿ ಇಬ್ಬರ ಪಾಲಿನ ಹುರುಳಿಕಾಯಿ ಇತ್ತು.

ನಾಲ್ಕು ತುತ್ತು ತಿಂದು, ಏನೋ ಹೇಳಲೆಂದು ಕ್ಯಾಶಿಯರ್ ಕೈ ನಿಲ್ಲಿಸಿದರು.

"ನಡುವೆ ನಿಲ್ಲಿಸ್ಬೇಡಿ," ಎಂದಳು ಅವಳು, ಚಹಾ ಗುಟುಕರಿಸುತ್ತ. "ಒಂದೇ ಸಮನೆ ತಿನ್ನಿ."