ಮಾಡಿ ಕಲಿತ ಪಾಠ ದುಬೈ ಮುಟ್ಟಿದ ಬಗೆ

ಮಧೂರಿನ ಗಣಪಾ, ನಿನಗೆ ಮೊದಲ ನಮಸ್ಕಾರ. ಒಂದು ಮಗು ಆಟಕ್ಕೆ ಗೋಡೆಯ ಮೇಲೆ ಬರೆದ ಚಿತ್ರದಲ್ಲೇ ಬಂದು ಕೂತವನು ನೀನು. ಮಕ್ಕಳ ಕೈಗೆ ಸಿಕ್ಕಿದ್ದು ಎಂತೆಂತ ಆಗುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಕನ್ನಡ ಮಾಧ್ಯಮದ ಒಂದು ಸಣ್ಣ ಶಾಲೆಯ ಟೀಚರು. ಪುಸ್ತಕ ಓದಿಸಿದರೆ ಸಾಲದು, ಮಕ್ಕಳು ಕೈಯಾರೆ ಮಾಡಿ ಕಲಿಯಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟರು. ಅಂದಿನಿಂದ ನನ್ನ ಕ್ಲಾಸಿನಲ್ಲಿ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆದದ್ದು ಎಂತ ಅಂತ ಮಾತ್ರ ನನಗೂ ಸರಿಯಾಗಿ ತಿಳಿಯುವುದಿಲ್ಲ.

ಕಳೆದ ವರ್ಷ ಮೂರನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪ ದುಬೈಯಲ್ಲಿ. ಪ್ರತಿ ಸಂಜೆ ವಿಡಿಯೋ ಕಾಲ್ ಮಾಡಿ ಅವರದ್ದು ಒಂದೇ ಪ್ರಶ್ನೆ: "ಇವತ್ತು ಶಾಲೆಯಲ್ಲಿ ಎಂತ ಕಲಿತೆ?" ಉತ್ತರ ಅವರಿಗೆ ಹಿಡಿಸದಿದ್ದರೆ ರಜೆಯಲ್ಲಿ ಬಂದಾಗ ಟಿ.ಸಿ. ತೆಗೆದು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕುವುದು ಅಂತ ತೀರ್ಮಾನ. ಹುಡುಗಿಗೆ ಹೋಗಲು ಮನಸ್ಸಿಲ್ಲ, ನನಗೆ ಕಳಿಸಲು ಮನಸ್ಸಿಲ್ಲ. ದಿನದ ಪ್ರಾರ್ಥನೆಗೆ ಅವಳದ್ದೂ ಒಂದು ಸೇರಿಸಿಕೊಂಡಿದ್ದೆ.

ದೀಪ ಆರಿದ್ದು ಯಾಕೆ?

ಉರಿಯಲು ಗಾಳಿ ಬೇಕು ಅಂತ ತೋರಿಸಬೇಕಿತ್ತು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೋಂಬತ್ತಿ, ಅದರ ಮೇಲೆ ಗ್ಲಾಸು ಕವುಚಿ ಹಾಕುವುದು. ಮೋಂಬತ್ತಿ ಸಿಗಲಿಲ್ಲ, ಹಣತೆ ಇಟ್ಟೆ. ಉರಿಯುವ ದೀಪವನ್ನು ನಾನೇ ಕೈಯಾರೆ ಆರಿಸುವುದು ಹೇಗೆ ಮಾರಾಯ್ರೆ? ಕಣ್ಣು ಮುಚ್ಚಿ, 'ತಪ್ಪಾದರೆ ಹೊಟ್ಟೆಗೆ ಹಾಕಿಕೋ ದೇವರೇ' ಅಂತ ತುಟಿಯಲ್ಲೇ ಹೇಳಿ ಗ್ಲಾಸು ಕವುಚಿದೆ. ದೀಪ ಆರಿತು, ನೀರು ಗ್ಲಾಸಿನೊಳಗೆ ಏರಿತು.

"ದೀಪ ಯಾಕೆ ಆರಿತು?" ಅಂತ ಕೇಳಿದೆ.

"ನೀವು ಮಂತ್ರ ಹೇಳಿದ್ದಕ್ಕೆ!" ಇಡೀ ಕ್ಲಾಸು ಒಂದೇ ಸ್ವರದಲ್ಲಿ.

"ಅದು ಮಂತ್ರ ಅಲ್ಲ ಮಕ್ಕಳೇ. ಯಾರು ಮಾಡಿದರೂ ಆರ್ತದೆ."

ಹುಡುಗಿ ಮುಂದೆ ಬಂದಳು. ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿಸಿದಳು, ಗ್ಲಾಸು ಕವುಚಿದಳು. ಆರಿತು. ಚಪ್ಪಾಳೆಯೋ ಚಪ್ಪಾಳೆ.

"ಈಗ ಏನೂ ಹೇಳದೆ ಮಾಡು ನೋಡುವ."

ತುಟಿ ಬಿಗಿ ಹಿಡಿದು ಕವುಚಿದಳು. ಆಗಲೂ ಆರಿತು. ಗೆದ್ದೆ ಅಂದುಕೊಂಡು, "ನೋಡಿದಿರಾ? ಮಂತ್ರ ಇಲ್ಲದೆಯೂ ಆರಿತು!" ಅಂದೆ.

ಅವಳು ತಲೆ ತಗ್ಗಿಸಿ ಹೇಳಿದಳು, "ಇಲ್ಲ ಟೀಚರ್. ಮನಸ್ಸಿನೊಳಗೆ ತಾನಾಗಿ ಬಂತು."

ಕಾಣದ ಶಾಲೆ

ಮರುದಿನ ಅವಳ ಅಮ್ಮ ಗೇಟಿನ ಹತ್ತಿರವೇ ಸಿಕ್ಕಿದರು. "ಟೀಚರೇ, ಅವರು ಕೇಳ್ತಾರೆ, ಶಾಲೆಯಲ್ಲಿ ಪಾಠವೂ ಉಂಟಾ, ಮಂತ್ರ ಮಾತ್ರವಾ ಅಂತ."

ಇನ್ನು ದೇವರ ಸುದ್ದಿಯೇ ಬಾರದ ಪಾಠ ಆಗಬೇಕು ಅಂತ, ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಲು ಹೇಳಿದೆ. ಹುಡುಗಿ ಒಂದು ಉದ್ದ ಗೆರೆ ಎಳೆದು, ಗೆರೆಯುದ್ದಕ್ಕೂ ನಾಯಿಗಳನ್ನು ಬರೆದಿದ್ದಳು.

"ಇದು ಕಚ್ಚುವ ನಾಯಿ ಟೀಚರ್. ಇದು ಕಚ್ಚುವುದಿಲ್ಲ, ಬರೇ ಅಟ್ಟಿಸಿಕೊಂಡು ಬರ್ತದೆ. ಇದು ಮಸೀದಿಯ ಹತ್ತಿರದ್ದು, ಪಾಪದ್ದು, ಎಂತದೂ ಮಾಡುವುದಿಲ್ಲ."

"ನಿನ್ನ ಮನೆ ಎಲ್ಲಿ?"

"ಮನೆ ಹಿಂದೆ ಉಳಿಯಿತು. ನಾನು ಹೊರಟು ಆಯಿತಲ್ಲ?"

"ಸರಿ, ಶಾಲೆಯಾದರೂ ಎಲ್ಲಿ?"

"ನಾವು ಶಾಲೆಯ ಒಳಗೇ ಇದ್ದೇವಲ್ಲ ಟೀಚರ್? ಇಲ್ಲಿಂದ ಶಾಲೆ ಕಾಣುವುದಿಲ್ಲ."

ಕಿಟಕಿಯಿಂದ ಹೊರಗೆ ನೋಡಿದೆ. ನಿಜ, ಶಾಲೆ ಕಾಣುತ್ತಿರಲಿಲ್ಲ.

ಆ ನಕ್ಷೆಯ ಫೋಟೋ ದುಬೈಗೆ ಹೋಗಿ, "ಮಗಳು ಕಲಿಯಲಿಕ್ಕೆ ಹೋಗುವುದಾ, ನಾಯಿ ನೋಡ್ಲಿಕ್ಕೆ ಹೋಗುವುದಾ?" ಅಂತ ಉತ್ತರ ಬಂತು. ಸಂಕಟವಾಗಿ ಹೆಡ್ಮಾಷ್ಟ್ರಿಗೆ ತೋರಿಸಿದೆ. ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಇದರ ಒಂದು ಕಾಪಿ ನನಗೆ ಬೇಕು ಟೀಚರೇ. ಒಂದು ನಾಯಿ ದಿನಾ ನನ್ನ ಸ್ಕೂಟರಿನ ಹಿಂದೆ ಓಡಿ ಬರ್ತದೆ. ಅದು ಕಚ್ಚುವುದಾ, ಬರೇ ಅಟ್ಟಿಸುವುದಾ ಅಂತ ಗೊತ್ತಾಗ್ಬೇಕು."

ನಳ್ಳಿಯ ದೋಷ

ಗ್ರಾಮಸಭೆ ಹೇಗೆ ನಡೆಯುತ್ತದೆ ಅಂತ ಕ್ಲಾಸಿನಲ್ಲೇ ಮಾಡಿ ನೋಡಿದೆವು. ಹುಡುಗಿಯೇ ಅಧ್ಯಕ್ಷೆ. ವಿಷಯ: ಕೈ ತೊಳೆಯುವ ನಳ್ಳಿಯಲ್ಲಿ ನೀರು ಬರುವುದಿಲ್ಲ. ಚರ್ಚೆ ಮಾಡಿ, ಕೈ ಎತ್ತಿ, ತೀರ್ಮಾನ ಮಾಡಿ ಅಂದೆ.

"ಚರ್ಚೆ ಆಮೇಲೆ. ಮೊದಲು ಜೋಯಿಸರನ್ನು ಕರೆಸಿ," ಅಂತ ಅಧ್ಯಕ್ಷೆಯ ಅಪ್ಪಣೆಯಾಯಿತು. ಬಾವಿ ಬತ್ತಿದಾಗ ಅವರ ಮನೆಯಲ್ಲಿ ಹಾಗೆಯೇ ಮಾಡಿದ್ದಂತೆ. ಒಬ್ಬ ಹುಡುಗ ಜೋಯಿಸನಾಗಿ, ಹಲಸಿನ ಎಲೆಗಳನ್ನು ಪ್ರಶ್ನೆ ಇಡುವ ವೀಳ್ಯದೆಲೆಯ ಹಾಗೆ ಹರಡಿ, ಕಣ್ಣು ಮುಚ್ಚಿ ತೆರೆದು, "ದೋಷ ಮೇಲೆ ಉಂಟು," ಅಂದ. ಸಭೆ ನಿಲ್ಲಿಸಬೇಕೋ, ಕೈ ಮುಗಿಯಬೇಕೋ ತಿಳಿಯದೆ ನಾನು ನಿಂತೇ ಇದ್ದೆ.

ಹೊರಗಿನಿಂದ ಕೇಳಿಸಿಕೊಂಡ ಹೆಡ್ಮಾಷ್ಟ್ರು ನಗುತ್ತಲೇ ಏಣಿ ಇಟ್ಟು ಮೇಲೆ ಹತ್ತಿ ಟ್ಯಾಂಕಿ ನೋಡಿದರು. ಪೈಪಿನ ಬಾಯಿಯಲ್ಲಿ ಒಂದು ದಪ್ಪ ಕಪ್ಪೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆದರು, ನೀರು ಬಂತು, ಅವರ ನಗು ನಿಂತಿತು.

ಸಂಜೆ ಅಪ್ಪ, "ಗ್ರಾಮಸಭೆ ಅಂದರೆ ಎಂತ ಮಗಾ?" ಅಂತ ಕೇಳಿದರಂತೆ.

"ಜೋಯಿಸರು ಹೇಳುವುದು, ಹೆಡ್ಮಾಷ್ಟ್ರು ಹತ್ತುವುದು."

ಅರಸಿನದ ಕಲ್ಲು

ಅಪ್ಪನಿಗೆ ರಜೆ ಸಿಕ್ಕಿತು. ಊರಿಗೆ ಬಂದವರೇ, ಸೋಮವಾರ ಟಿ.ಸಿ. ಕೇಳಲು ಶಾಲೆಗೆ ಬರುವುದು ಅಂತ ಹೇಳಿ ಕಳಿಸಿದರು.

ಅದಕ್ಕೆ ಮೊದಲಿನ ಶುಕ್ರವಾರ ನಾವು ಅಂಗಳದ ಬಿಸಿಲಲ್ಲಿ ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಒಂದೊಂದು ಕಲ್ಲು ಇಟ್ಟಿದ್ದೆವು. ನೆರಳು ನೋಡಿ ಸಮಯ ಹೇಳುವ ಪಾಠ. ಕಲ್ಲನ್ನು ಯಾರೂ ಒದೆಯದಿರಲಿ, ಎದ್ದು ಕಾಣಲಿ ಅಂತ ಹುಡುಗಿ ಅಡುಗೆಕೋಣೆಯಿಂದ ಅರಸಿನ ತಂದು ಎಲ್ಲ ಕಲ್ಲಿಗೂ ಬಳಿದಳು. ನಮ್ಮ ಊರಿಗೆ ಅಷ್ಟೇ ಸಾಕಾಯಿತು. ಸೋಮವಾರ ಬೆಳಿಗ್ಗೆ ಬಂದು ನೋಡುವಾಗ ಕೋಲಿನ ಬುಡದಲ್ಲಿ ದೀಪ ಉರಿಯುತ್ತಿತ್ತು, ಕೇಪುಳ ಹೂವಿನ ರಾಶಿ ಇತ್ತು, ಒಂದು ಎಳನೀರು ಬೊಂಡವೂ ಇತ್ತು. ಇಟ್ಟವರು ಯಾರೋ, ಈವರೆಗೆ ಗೊತ್ತಿಲ್ಲ.

"ಎಂತ ಟೀಚರೇ ಇದು? ತೆಗೆಯಿರಿ!" ಅಂದರು ಹೆಡ್ಮಾಷ್ಟ್ರು.

ನೆಟ್ಟವಳು ನಾನೇ. ಆದರೂ ಹೂವು ಬಿದ್ದ ಮೇಲೆ ಕೀಳಲು ಕೈ ಬರಲಿಲ್ಲ. "ನೀವೇ ತೆಗೆಯಿರಿ ಸರ್," ಅಂದೆ.

ಅವರು ಒಂದು ಹೆಜ್ಜೆ ಮುಂದೆ ಬಂದರು, ಎರಡು ಹೆಜ್ಜೆ ಹಿಂದೆ ಹೋದರು. "ನನ್ನ ಮಗಳ ನಿಶ್ಚಿತಾರ್ಥ ಹತ್ತಿರ ಬಂತು ಟೀಚರೇ. ಈಗ ಬೇಡ."

ಎರಡು ಪೀರಿಯಡ್ ಕಳೆದು ನಾನೂ ಹೆಡ್ಮಾಷ್ಟ್ರೂ ಮತ್ತೆ ಅಂಗಳಕ್ಕೆ ಬಂದಾಗ ಹುಡುಗಿಯ ಅಪ್ಪ ಗೇಟು ತೆರೆದು ಬಂದರು. ದೀಪ ಕಂಡದ್ದೇ ಚಪ್ಪಲಿ ಕಳಚಿ, ಕೋಲಿನ ಎದುರು ಕೈಮುಗಿದು, ಬಹಳ ಹೊತ್ತು ಏನೋ ಬೇಡಿಕೊಂಡರು. ಹುಡುಗಿ ಕ್ಲಾಸಿನಿಂದ ಓಡಿ ಬಂದಳು.

"ಅಪ್ಪಾ, ಅದು ದೇವರಲ್ಲ! ನಮ್ಮ ಗಡಿಯಾರ. ನೋಡಿ, ನೆರಳು ಹನ್ನೊಂದರ ಕಲ್ಲು ದಾಟಿತು, ಹನ್ನೆರಡರ ಕಲ್ಲಿಗೆ ಮುಟ್ಟಲಿಲ್ಲ. ಈಗ ಹನ್ನೊಂದೂವರೆ."

ಅಪ್ಪ ಕೈಯ ವಾಚು ನೋಡಿ, "ನಿನ್ನ ಗಡಿಯಾರ ಹಾಳಾಗಿದೆ. ಈಗ ಹತ್ತು ಗಂಟೆ," ಅಂದರು.

ನಾನು ಗಾಬರಿಯಾಗಿ ಆಫೀಸಿನ ಗಡಿಯಾರ ನೋಡಿದೆ. ಹನ್ನೊಂದೂವರೆಯೇ. ಹುಡುಗಿ ಅಪ್ಪನ ವಾಚನ್ನೂ ನೆರಳನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅಪ್ಪಾ, ನಿಮ್ಮ ವಾಚು ಇನ್ನೂ ದುಬೈಯಲ್ಲೇ ಉಂಟು. ಅಲ್ಲಿಗೆ ಸೂರ್ಯ ಆಮೇಲೆ ಹೋಗುವುದು. ಅಲ್ಲಿ ಕೋಲು ನೆಟ್ಟರೆ ನೆರಳು ಈಗ ಹತ್ತರ ಕಲ್ಲಿನಲ್ಲಿ ಇರ್ತದೆ."

ಅಪ್ಪ ವಾಚು ತಿರುಗಿಸಿ ಸಮಯ ಸರಿ ಮಾಡಿದರು. ಆಮೇಲೆ ಮೆಲ್ಲನೆ, "ಟಿ.ಸಿ. ಬೇಡ ಟೀಚರೇ. ಇವಳು ಇಲ್ಲೇ ಇರಲಿ," ಅಂದರು. ನನ್ನ ಕಣ್ಣು ತುಂಬಿತು. ಹೆಡ್ಮಾಷ್ಟ್ರು ಧೈರ್ಯ ಮಾಡಿ, "ಹಾಗಾದರೆ ಈ ಕೋಲು ಕೀಳುವ," ಅಂದರು.

"ಅಯ್ಯೋ ಬೇಡ ಸರ್! ನಾನು ಈಗಷ್ಟೇ ಹರಕೆ ಹೇಳಿಕೊಂಡಿದ್ದೇನೆ," ಅಂದರು ಅಪ್ಪ.

"ಎಂತ ಹರಕೆ?"

ಅವರು ಕೋಲನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ತಲೆ ಕೆರೆದುಕೊಂಡರು.

"ಟಿ.ಸಿ. ತೊಂದರೆ ಇಲ್ಲದೆ ಸಿಗಲಿ ಅಂತ."

ಇಷ್ಟು ಹೊತ್ತು ಕಿವಿಗೊಟ್ಟವರಿಗೆಲ್ಲ ದೇವರು ಒಳ್ಳೆಯದು ಮಾಡಲಿ. ಮಕ್ಕಳು ಕೇಳಿದ್ದಕ್ಕೆ ನಿಮಗೆ ಉತ್ತರ ಹೊಳೆಯಲಿ; ಹೊಳೆಯದ ದಿನ ನಗುವಾದರೂ ಬರಲಿ.